ಗುರಿ ತಪ್ಪಿದ ಒಂದು ಗುಂಡು ಎಷ್ಟು ಜೀವ ತೆಗೆಯಬಲ್ಲದು? ಕೆನೆತ್ ಆಂಡರ್ಸನ್ ಮತ್ತು ಅವರ ವಿಂಚೆಸ್ಟರ್ ರೈಫಲ್‌ನ ಕಥೆ

ಕನ್ನಡ ಓದುವ ಮನೆಯಲ್ಲಿ ಬೆಳೆದವರಿಗೆ ಕೆನೆತ್ ಆಂಡರ್ಸನ್ ಅವರನ್ನು ಪರಿಚಯ ಮಾಡಿಕೊಡಬೇಕಾಗಿಲ್ಲ. ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದ 'ಕಾಡಿನ ಕತೆಗಳು' ಮಾಲೆಯ ಮೂಲ ಲೇಖಕ ಇವರೇ. ಬೆಳ್ಳಂದೂರಿನ ನರಭಕ್ಷಕ, ಪೆದ್ದಚೆರುವಿನ ರಾಕ್ಷಸ, ಜಾಲಹಳ್ಳಿಯ ಕುರ್ಕ, ಮುನಿಶಾಮಿ ಮತ್ತು ಮಾಗಡಿ ಚಿರತೆ ಎಂಬ ಆ ನಾಲ್ಕು ಪುಸ್ತಕಗಳು ಊರು ಬಿಟ್ಟು ಮುಂಬೈ, ಪುಣೆ, ದೆಹಲಿ ಸೇರಿದ ಎಷ್ಟೋ ಕನ್ನಡಿಗರ ಪೆಟ್ಟಿಗೆಯಲ್ಲಿ ಜೊತೆಗೇ ಪ್ರಯಾಣ ಮಾಡಿವೆ.

ಕತೆ ಓದುವಾಗ ನಮ್ಮ ಕಣ್ಣೆಲ್ಲ ಹುಲಿ, ಚಿರತೆಗಳ ಮೇಲೆಯೇ ಇರುತ್ತದೆ. ಮರದ ಮೇಲಿನ ಅಟ್ಟಣೆಯಲ್ಲಿ ಕೂತ ಮನುಷ್ಯನ ಕೈಯಲ್ಲಿದ್ದ ರೈಫಲ್ ಕಡೆಗೆ ಗಮನ ಹೋಗುವುದು ಕಡಿಮೆ. ಆದರೆ ಆ ರೈಫಲ್‌ನ ನಳಿಗೆಯ ಮೇಲಿದ್ದ ಎರಡು ಪುಟ್ಟ ಲೋಹದ ತುಂಡುಗಳು, ಅಂದರೆ ಗುರಿ ಹಿಡಿಯುವ ಸೈಟುಗಳು, ಸರಿಯಾಗಿದ್ದವೇ ಇಲ್ಲವೇ ಎನ್ನುವುದರ ಮೇಲೆ ಹಲವು ಹಳ್ಳಿಗಳ ಹಣೆಬರಹ ನಿಂತಿತ್ತು.

ಹೈದರಾಬಾದಿನಲ್ಲಿ ಹುಟ್ಟು, ಬೆಂಗಳೂರಿನಲ್ಲಿ ಬದುಕು

ಆಂಡರ್ಸನ್ ಹುಟ್ಟಿದ್ದು 1910ರ ಮಾರ್ಚ್ 8ರಂದು, ಹೈದರಾಬಾದ್ ಬಳಿಯ ಬೊಲಾರಂನಲ್ಲಿ. ತಲೆಮಾರುಗಳ ಹಿಂದೆಯೇ ಭಾರತಕ್ಕೆ ಬಂದು ನೆಲೆಸಿದ್ದ ಸ್ಕಾಟ್ಲೆಂಡ್ ಮೂಲದ ಕುಟುಂಬ ಅವರದು. ತಂದೆ ಡಗ್ಲಸ್ ಸ್ಟುವರ್ಟ್ ಆಂಡರ್ಸನ್ ಪುಣೆಯಲ್ಲಿ ಸೈನಿಕರ ಸಂಬಳದ ಲೆಕ್ಕ ನೋಡಿಕೊಳ್ಳುವ ಕಚೇರಿಯಲ್ಲಿ ಸೂಪರಿಂಟೆಂಡೆಂಟ್ ಆಗಿದ್ದರು. ಮಗ ಓದಿದ್ದು ಬೆಂಗಳೂರಿನ ಬಿಷಪ್ ಕಾಟನ್ ಶಾಲೆ ಮತ್ತು ಸೇಂಟ್ ಜೋಸೆಫ್ಸ್ ಕಾಲೇಜಿನಲ್ಲಿ. ವಕೀಲನಾಗಲಿ ಎಂದು ಎಡಿನ್‌ಬರೋಗೆ ಕಳಿಸಿದರೆ, ಓದು ಅರ್ಧಕ್ಕೇ ಬಿಟ್ಟು ಬೆಂಗಳೂರಿಗೆ ವಾಪಸ್ ಬಂದರು. ಆಮೇಲೆ ಈ ನೆಲ ಬಿಟ್ಟು ಹೋಗಲಿಲ್ಲ.

ಬೇಟೆ ಅವರ ಹೊಟ್ಟೆಪಾಡಾಗಿರಲಿಲ್ಲ. ಸುಮಾರು 15 ವರ್ಷ ಅಂಚೆ ಮತ್ತು ತಂತಿ ಇಲಾಖೆಯಲ್ಲಿ ದುಡಿದರು. ನಂತರ ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ಯೋಜನಾ ವಿಭಾಗದ ಹೊಣೆ ಹೊತ್ತ ಅಧಿಕಾರಿಯಾದರು. ನಾವಿಂದು ಎಚ್‌ಎಎಲ್ ಎನ್ನುವುದು ಅದೇ ಕಾರ್ಖಾನೆಯನ್ನು. ವಾರವಿಡೀ ಕಚೇರಿ, ರಜೆ ಸಿಕ್ಕರೆ ಕಾಡು. ಕನ್ನಡ, ತಮಿಳು ಎರಡನ್ನೂ ಮಾತಾಡುತ್ತಿದ್ದರು. ಹಾಗಾಗಿ ಹಳ್ಳಿಗರ ಜೊತೆ ಬೀಡಿ ಸೇದುತ್ತಾ ಕೂತು ಸುದ್ದಿ ಕೇಳಲು ಅವರಿಗೆ ದುಭಾಷಿ ಬೇಕಿರಲಿಲ್ಲ. ಹೆಜ್ಜೆ ಗುರುತು ಓದುವುದನ್ನು ಅವರು ಕಲಿತದ್ದು ಪೂಜಾರಿ ಬುಡಕಟ್ಟಿನ ಬೈರನಂಥವರಿಂದ. ಅಕ್ಷರ ಬಾರದ ಬೈರನನ್ನು ಆಂಡರ್ಸನ್ ತಮ್ಮ ಪುಸ್ತಕಗಳಲ್ಲಿ ಗುರುವಿನಷ್ಟೇ ಗೌರವದಿಂದ ಚಿತ್ರಿಸಿದ್ದಾರೆ.

ಕೈಯಲ್ಲಿದ್ದ ರೈಫಲ್ ಯಾವುದು?

ಆ ಕಾಲದ ಸಾಹೇಬರು ಹುಲಿ ಬೇಟೆಗೆಂದರೆ ಇಂಗ್ಲೆಂಡಿನ ದುಬಾರಿ ಜೋಡಿನಳಿಗೆ ರೈಫಲ್ ಹಿಡಿಯುತ್ತಿದ್ದರು. ಉತ್ತರದಲ್ಲಿ ಜಿಮ್ ಕಾರ್ಬೆಟ್ ಅವರ ಕೈಯಲ್ಲಿ ರಿಗ್ಬಿ ಕಂಪನಿಯ ಬೋಲ್ಟ್ ರೈಫಲ್ ಇತ್ತು. ಆಂಡರ್ಸನ್ ನಂಬಿದ್ದು ಮಾತ್ರ ಅಮೆರಿಕದ ವಿಂಚೆಸ್ಟರ್ ಕಂಪನಿಯ 1895ರ ಮಾದರಿಯ .405 ರೈಫಲ್ ಅನ್ನು. ಯೂಟಾ ರಾಜ್ಯದ ಜಾನ್ ಬ್ರೌನಿಂಗ್ ವಿನ್ಯಾಸ ಮಾಡಿದ ಕೋವಿ ಅದು. ಅಮೆರಿಕದ ಅಧ್ಯಕ್ಷರಾಗಿದ್ದ ಥಿಯೋಡರ್ ರೂಸ್ವೆಲ್ಟ್ 1909ರಲ್ಲಿ ಆಫ್ರಿಕಾ ಬೇಟೆಗೆ ಹೊರಟಾಗ ಒಯ್ದದ್ದೂ ಇದೇ ಮಾದರಿಯನ್ನೇ.

ಇದು ಲಿವರ್ ರೈಫಲ್. ಹಳೆಯ ಕೌಬಾಯ್ ಸಿನಿಮಾಗಳಲ್ಲಿ ನೋಡಿರುತ್ತೀರಿ. ಕುದುರೆ ಮೇಲೆ ಕೂತವನು ಟ್ರಿಗರ್ ಸುತ್ತಲಿನ ಉಕ್ಕಿನ ಬಳೆಯನ್ನು ಕೆಳಕ್ಕೆ ತಳ್ಳಿ ಮೇಲಕ್ಕೆಳೆಯುತ್ತಾನೆ. ಕೆಳಕ್ಕೆ ತಳ್ಳಿದಾಗ ಖಾಲಿ ತೋಟಾ ಹೊರಗೆ ಹಾರುತ್ತದೆ, ಮೇಲಕ್ಕೆ ಎಳೆದಾಗ ಹೊಸ ತೋಟಾ ನಳಿಗೆಗೆ ಸೇರುತ್ತದೆ. ಮೈಮೇಲೆ ಬರುತ್ತಿರುವ ಪ್ರಾಣಿಯ ಮುಂದೆ ಎರಡನೇ ಈಡು ಬೇಗ ಹೊಡೆಯಬೇಕೆಂದರೆ ಇದು ಒಳ್ಳೆಯ ವ್ಯವಸ್ಥೆ. ಸಾಮಾನ್ಯ ಲಿವರ್ ಕೋವಿಗಳಲ್ಲಿ ತೋಟಾಗಳು ನಳಿಗೆಯ ಕೆಳಗಿನ ಕೊಳವೆಯಲ್ಲಿ ಒಂದರ ಹಿಂದೆ ಒಂದು ಕೂರುತ್ತವೆ. 1895ರ ಮಾದರಿಯಲ್ಲಿ ಅವು ಒಂದರ ಮೇಲೊಂದು ಪೆಟ್ಟಿಗೆಯಲ್ಲಿ ಕೂರುತ್ತವೆ. ಹೀಗಾಗಿ ದೊಡ್ಡ, ಬಲವಾದ ತೋಟಾ ಬಳಸಲು ಸಾಧ್ಯವಾಯಿತು. .405ರ ಗುಂಡಿನ ತೂಕ 300 ಗ್ರೇನ್, ಅಂದರೆ ಸುಮಾರು 19 ಗ್ರಾಂ. ನಳಿಗೆ ಬಿಡುವಾಗ ಅದರ ವೇಗ ಸೆಕೆಂಡಿಗೆ 2,200 ಅಡಿ.

ಬಲ ಇಷ್ಟಿದ್ದರೂ ಇದು ದೂರದ ಬೇಟೆಯ ಕೋವಿ ಅಲ್ಲ. 100 ಗಜಕ್ಕೆ ಸೈಟ್ ಹೊಂದಿಸಿದರೆ, ಅದಕ್ಕಿಂತ ಹತ್ತಿರದಲ್ಲಿ ಗುಂಡು ಗುರಿಯಿಂದ ಹೆಚ್ಚೆಂದರೆ ಒಂದು ಅಂಗುಲದಷ್ಟು ಆಚೀಚೆ ಬೀಳುತ್ತದೆ. 200 ಗಜಕ್ಕೆ ಹೋದರೆ ಮುಕ್ಕಾಲು ಅಡಿಯಷ್ಟು ಕುಸಿಯುತ್ತದೆ. ಹತ್ತಿರ ಬರುವವರೆಗೂ ಕಾಯುವ ಧೈರ್ಯ ಇದ್ದವರಿಗೆ ಮಾತ್ರ ಒಗ್ಗುವ ಆಯುಧ ಇದು.

ಅರ್ಧ ಮಿಲಿಮೀಟರ್‌ನ ಲೆಕ್ಕ

ಈ ರೈಫಲ್‌ಗಳಲ್ಲಿ ದುರ್ಬೀನು ಇರುತ್ತಿರಲಿಲ್ಲ. ನಳಿಗೆಯ ತುದಿಯಲ್ಲಿ ಒಂದು ಮಣಿ, ಹಿಂದೆ ಕಣ್ಣಿಗೆ ಹತ್ತಿರ ಒಂದು ಕಚ್ಚು. ಕಚ್ಚಿನ ನಡುವೆ ಮಣಿ ಕೂರಿಸಿ, ಮಣಿಯನ್ನು ಪ್ರಾಣಿಯ ಮೇಲಿಟ್ಟರೆ ಮುಗಿಯಿತು. ಕೇಳಲು ಸುಲಭ. ಆದರೆ ಕಚ್ಚು ಕೂದಲೆಳೆ ಸರಿದಿದ್ದರೂ ಲೆಕ್ಕವೇ ಬೇರೆಯಾಗುತ್ತದೆ.

ಮುಂದಿನ ಮಣಿಗೂ ಹಿಂದಿನ ಕಚ್ಚಿಗೂ 50 ಸೆಂಟಿಮೀಟರ್ ಅಂತರ ಇದೆ ಎಂದುಕೊಳ್ಳಿ. ಕಚ್ಚು ಅರ್ಧ ಮಿಲಿಮೀಟರ್ ಪಕ್ಕಕ್ಕೆ ಸರಿದರೆ 100 ಮೀಟರ್ ದೂರದಲ್ಲಿ ಗುಂಡು 10 ಸೆಂಟಿಮೀಟರ್ ಪಕ್ಕಕ್ಕೆ ಬೀಳುತ್ತದೆ. ಕೋವಿ ಗಿಡ್ಡದಾಗಿ ಈ ಅಂತರ 35 ಸೆಂಟಿಮೀಟರ್‌ಗೆ ಇಳಿದರೆ ತಪ್ಪು 14 ಸೆಂಟಿಮೀಟರ್ ಆಗುತ್ತದೆ. ಗಿಡ್ಡ ಕೋವಿ ಪೊದೆಯ ನಡುವೆ ಓಡಾಡಲು ಹಗುರ, ಆದರೆ ಸೈಟಿನ ತಪ್ಪನ್ನು ಅದು ದೊಡ್ಡದು ಮಾಡಿ ತೋರಿಸುತ್ತದೆ. ಹುಲಿಯ ಹೃದಯಕ್ಕೆ ಇಟ್ಟ ಗುರಿ ಒಂದು ಗೇಣು ಹಿಂದಕ್ಕೆ ಹೋದರೆ ಗುಂಡು ಹೊಟ್ಟೆಗೆ ಬೀಳುತ್ತದೆ. ಹುಲಿ ತಕ್ಷಣ ಸಾಯುವುದಿಲ್ಲ, ಪೊದೆಯೊಳಗೆ ನುಗ್ಗಿ ಕಣ್ಮರೆಯಾಗುತ್ತದೆ.

ಸರಿಪಡಿಸುವ ವಿಧಾನ ಸರಳ. ಗುಂಡು ಯಾವ ಕಡೆಗೆ ಹೋಗಬೇಕೋ ಹಿಂದಿನ ಸೈಟನ್ನು ಅದೇ ಕಡೆಗೆ ಸರಿಸಬೇಕು. ಮುಂದಿನ ಮಣಿಯನ್ನು ಸರಿಸುವುದಾದರೆ ಅದರ ವಿರುದ್ಧ ದಿಕ್ಕಿಗೆ. ಗುಂಡು ಕೆಳಗೆ ಬೀಳುತ್ತಿದ್ದರೆ ಹಿಂದಿನ ಸೈಟಿನಡಿಯ ಮೆಟ್ಟಿಲಿನಂಥ ಪಟ್ಟಿಯನ್ನು ಒಂದು ಹಲ್ಲು ಮೇಲಕ್ಕೆ ಸರಿಸಬೇಕು. ಪಕ್ಕಕ್ಕೆ ಬೀಳುತ್ತಿದ್ದರೆ ಹಿತ್ತಾಳೆ ತುಂಡೊಂದನ್ನು ಅಡ್ಡವಿಟ್ಟು ಸುತ್ತಿಗೆಯಿಂದ ಮೆಲ್ಲಗೆ ತಟ್ಟಬೇಕು. ಒಂದು ಈಡು ನೋಡಿ ತೀರ್ಮಾನಿಸದೆ ಮೂರು ಈಡು ಹೊಡೆದು, ಮೂರೂ ಎಲ್ಲಿ ಗುಂಪಾಗಿ ಬಿದ್ದಿವೆ ಎಂದು ನೋಡಿ, ಆಮೇಲೆ ತಟ್ಟಬೇಕು. ಕಾಡಿಗೆ ಹೊತ್ತೊಯ್ಯುವ ತೋಟಾಗಳನ್ನೇ ಬಳಸಿ ಪರೀಕ್ಷಿಸಬೇಕು. ತೋಟಾ ಬದಲಾದರೆ ಗುಂಡು ಬೀಳುವ ಜಾಗವೂ ಬದಲಾಗುತ್ತದೆ.

ಒಂದು ಗಾಯ, ಹತ್ತಾರು ಸಾವು

ಇಷ್ಟೆಲ್ಲ ಏಕೆ ಮುಖ್ಯ ಎಂಬುದಕ್ಕೆ ಉತ್ತರ ಆಂಡರ್ಸನ್ ಅವರ ಬದುಕಿನಲ್ಲೇ ಇದೆ. ಸರ್ಕಾರಿ ದಾಖಲೆಗಳ ಪ್ರಕಾರ 1939ರಿಂದ 1966ರ ನಡುವೆ ಅವರು ಎಂಟು ನರಭಕ್ಷಕ ಚಿರತೆಗಳನ್ನೂ ಏಳು ನರಭಕ್ಷಕ ಹುಲಿಗಳನ್ನೂ ಕೊಂದರು. ಈ ಪ್ರಾಣಿಗಳು ಮನುಷ್ಯರ ಮೇಲೆ ಏಕೆ ತಿರುಗಿದವು ಎಂದು ಅವರು ಪ್ರತಿ ಸಲವೂ ಹುಡುಕುತ್ತಿದ್ದರು. ಕೆಲವಕ್ಕೆ ಮುಳ್ಳುಹಂದಿಯ ಮುಳ್ಳು ನೆಟ್ಟು ಪಾದ ಕೆಟ್ಟಿರುತ್ತಿತ್ತು, ಕೆಲವಕ್ಕೆ ವಯಸ್ಸಾಗಿರುತ್ತಿತ್ತು. ಆದರೆ ಮತ್ತೆ ಮತ್ತೆ ಎದುರಾಗುತ್ತಿದ್ದ ಕಾರಣ ಹಳೆಯ ಗುಂಡೇಟು. ಹೊಲ ಕಾಯುವವರ, ಕಳ್ಳಬೇಟೆಯವರ ಕೇಪಿನ ಕೋವಿಯಿಂದಲೋ, ಶೋಕಿಗೆ ಬಂದ ಪೇಟೆಯವರ ರೈಫಲ್‌ನಿಂದಲೋ ತಗುಲಿದ ಅರೆಬರೆ ಗುಂಡು. ಕಾಲು ಕುಂಟಾದ ಹುಲಿಗೆ ಜಿಂಕೆ ಸಿಗುವುದಿಲ್ಲ. ಸಿಗುವುದು ಸೌದೆಗೆ ಬಂದ ಹೆಂಗಸು, ದನ ಮೇಯಿಸುವ ಹುಡುಗ.

ಇಂದು ತಮಿಳುನಾಡಿನಲ್ಲಿರುವ, ಕರ್ನಾಟಕದ ಗಡಿಗೆ ಅಂಟಿಕೊಂಡಂತಿರುವ ಜವಳಗಿರಿಯ ಹೆಣ್ಣುಹುಲಿಯ ಕತೆ ಆಂಡರ್ಸನ್ ಅವರ ಮೊದಲ ಪುಸ್ತಕದಲ್ಲೇ ಬರುತ್ತದೆ. ಆ ಸರಣಿ ಸಾವುಗಳ ಆರಂಭವೂ ಮನುಷ್ಯನ ಕೋವಿಯಿಂದಲೇ ಆಗಿತ್ತು. ಅದರ ಜೊತೆಗಾರ ಗಂಡುಹುಲಿ ಗುಂಡಿಗೆ ಬಲಿಯಾಗಿತ್ತು. ಕೊನೆಗೆ ಆಂಡರ್ಸನ್ ಗಂಡುಹುಲಿಯ ಕೂಗನ್ನೇ ಅನುಕರಿಸಿ ಅದನ್ನು ತಮ್ಮ ಹತ್ತಿರಕ್ಕೆ ಕರೆಸಿಕೊಂಡರು. ಗುಮ್ಮಳಾಪುರದ ಚಿರತೆ 42 ಜನರನ್ನು ಬಲಿ ತೆಗೆದುಕೊಂಡಿತ್ತು. ಸಂಜೆಯಾದರೆ ಹಳ್ಳಿಗರು ಬಾಗಿಲು ಜಡಿದುಕೊಂಡು ಕೂರುತ್ತಿದ್ದರು. ಅರಸೀಕೆರೆ ಸುತ್ತಮುತ್ತ ಒಂದು ಕರಡಿ ಹನ್ನೆರಡು ಜನರನ್ನು ಕೊಂದು, ಇನ್ನೂ ಹಲವರ ಮುಖ, ಕಣ್ಣು ಕಿತ್ತು ಬಿಟ್ಟಿತ್ತು. ಅದಕ್ಕೂ ಕೊನೆ ಹಾಡಿದ್ದು ಆಂಡರ್ಸನ್ ಅವರೇ.

ಹಾಗಾಗಿ ಅವರ ಕತೆಗಳಲ್ಲಿ ಗಾಯಗೊಂಡ ಪ್ರಾಣಿಯನ್ನು ಬಿಟ್ಟು ಬರುವುದು ದೊಡ್ಡ ಪಾಪ. ತಮ್ಮ ಈಡು ಸರಿಯಾಗಿ ಬೀಳದ ಪ್ರಸಂಗಗಳನ್ನೂ ಅವರು ಮುಚ್ಚಿಡದೆ ಬರೆದಿದ್ದಾರೆ. ರಕ್ತದ ಕಲೆ ಹಿಡಿದು, ಪ್ರಾಣ ಕೈಯಲ್ಲಿ ಹಿಡಿದು ಪೊದೆಯೊಳಗೆ ಹೋಗುವುದು ಅವರ ಪಾಲಿಗೆ ಸಾಹಸವಲ್ಲ, ತೀರಿಸಲೇಬೇಕಾದ ಸಾಲ.

ಕತ್ತಲಲ್ಲಿ ಗುರಿ ಹಿಡಿಯುವುದು ಹೇಗೆ?

ಹಗಲಲ್ಲಿ ಎಷ್ಟೇ ಚೆನ್ನಾಗಿ ಸೈಟ್ ಹೊಂದಿಸಿದ್ದರೂ ನರಭಕ್ಷಕ ಬರುವುದು ಹೆಚ್ಚಾಗಿ ರಾತ್ರಿ. ಅಮಾವಾಸ್ಯೆಯ ಕತ್ತಲಲ್ಲಿ ಉಕ್ಕಿನ ಮಣಿ ಕಾಣುವುದೇ ಇಲ್ಲ. ಅದಕ್ಕೆ ಆಂಡರ್ಸನ್ ರೈಫಲ್‌ಗೆ ಟಾರ್ಚ್ ಬಿಗಿದುಕೊಂಡು ಕೂರುತ್ತಿದ್ದರು. ಸದ್ದು ಹತ್ತಿರ ಬರುವವರೆಗೂ ಉಸಿರು ಬಿಗಿಹಿಡಿದು, ಕೊನೆಯ ಕ್ಷಣದಲ್ಲಿ ಎಡಗೈ ಹೆಬ್ಬೆರಳಿನಿಂದ ಗುಂಡಿ ಒತ್ತುವುದು. ಬೆಳಕಿನಲ್ಲಿ ಎರಡು ಕಣ್ಣು ಕೆಂಡದಂತೆ ಹೊಳೆದರೆ, ಅದೇ ಬೆಳಕಿನಲ್ಲಿ ಮಣಿಯನ್ನೂ ಕಂಡು ಟ್ರಿಗರ್ ಎಳೆಯುವುದು. ಇದಕ್ಕೆ ಸಿಗುತ್ತಿದ್ದ ಸಮಯ ಕೆಲವೇ ಕ್ಷಣ.

ಇಲ್ಲಿಯೂ ಸೈಟಿನ ಆಟ ಇದೆ. ನಳಿಗೆಗೆ ಟಾರ್ಚ್ ಬಿಗಿದರೆ ಅದರ ಭಾರದಿಂದ ಗುಂಡು ಬೀಳುವ ಜಾಗ ಸ್ವಲ್ಪ ಬದಲಾಗಬಹುದು. ಆದ್ದರಿಂದ ಟಾರ್ಚ್ ಸಮೇತವೇ ಗುರಿ ಪರೀಕ್ಷಿಸಿಕೊಳ್ಳುವುದು ಜಾಣತನ. ಮಂದ ಬೆಳಕಿನಲ್ಲಿ ಮಣಿಯನ್ನು ಕಚ್ಚಿನೊಳಗೆ ಪೂರ್ತಿ ಇಳಿಸದೆ ಮೇಲೆಯೇ ಹಿಡಿಯುವುದು ಸಾಮಾನ್ಯ ತಪ್ಪು. ಹಾಗೆ ಹಿಡಿದರೆ ಗುಂಡು ಪ್ರಾಣಿಯ ಬೆನ್ನಿನ ಮೇಲೆ ಹಾರಿ ಹೋಗುತ್ತದೆ. ಲಿವರ್ ಎಳೆಯುವ ಸದ್ದು ರಾತ್ರಿಯ ಮೌನದಲ್ಲಿ ದೂರಕ್ಕೆ ಕೇಳಿಸುತ್ತದೆ, ಇಕ್ಕಟ್ಟಾದ ಅಟ್ಟಣೆಯಲ್ಲಿ ಅದು ಕೊಂಬೆಗೂ ತಾಗಬಹುದು. ಅದಕ್ಕೆಂದೇ ಮೊದಲ ತೋಟಾ ಸಂಜೆಯೇ ನಳಿಗೆಯಲ್ಲಿರಬೇಕು, ಎರಡನೆಯದು ಬೇಡವಾಗುವಂತೆ ಮೊದಲನೆಯದು ಬೀಳಬೇಕು.

ಕೋವಿ ಕೆಳಗಿಟ್ಟ ಮೇಲೆ

ಲಂಡನ್ನಿನ ಅಲೆನ್ ಅಂಡ್ ಅನ್ವಿನ್ ಪ್ರಕಾಶನ 1954ರಲ್ಲಿ ಅವರ ಮೊದಲ ಪುಸ್ತಕ ತಂದಿತು. ಒಂಬತ್ತು ನರಭಕ್ಷಕಗಳು ಮತ್ತು ಒಂದು ಪುಂಡಾನೆಯ ಕತೆಗಳ ಆ ಪುಸ್ತಕದ ನಂತರ 1957ರಲ್ಲಿ ಎರಡನೆಯದು, 1959ರಲ್ಲಿ ಶಿವನಿಪಳ್ಳಿಯ ಕರಿಚಿರತೆಯ ಕತೆಯಿರುವ ಮೂರನೆಯದು ಬಂದವು. ವರ್ಷ ಕಳೆದಂತೆ ಪುಸ್ತಕಗಳ ದನಿ ಬದಲಾಗುತ್ತಾ ಹೋಗುವುದನ್ನು ಗಮನಿಸಬಹುದು. ಈಡುಗಳ ಲೆಕ್ಕ ಕಡಿಮೆಯಾಗಿ, ಕಾಡಿನ ರಾತ್ರಿಯ ಸದ್ದುಗಳು, ಗಿಡಮೂಲಿಕೆಗಳು, ಬರಿದಾಗುತ್ತಿರುವ ಅರಣ್ಯದ ಸಂಕಟ ಹೆಚ್ಚಾಗುತ್ತದೆ. ಕೊಲ್ಲುವುದಕ್ಕಿಂತ ಕ್ಯಾಮೆರಾದಲ್ಲಿ ಸೆರೆಹಿಡಿಯುವುದೇ ಮೇಲು ಎಂಬ ಮಾತನ್ನು ಅವರು ಒತ್ತಿ ಬರೆದರು.

ಅವರ ಕೊನೆಯ ವರ್ಷಗಳಲ್ಲಿ ದೇಶವೂ ಅದೇ ದಾರಿ ಹಿಡಿಯಿತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1973ರಲ್ಲಿ ಹುಲಿ ಯೋಜನೆ ಶುರುವಾಯಿತು, ಮೊದಲ ಒಂಬತ್ತು ಮೀಸಲು ಅರಣ್ಯಗಳಲ್ಲಿ ನಮ್ಮ ಬಂಡೀಪುರವೂ ಸೇರಿತ್ತು. ಮರುವರ್ಷ, 1974ರ ಆಗಸ್ಟ್ 30ರಂದು ಆಂಡರ್ಸನ್ ಕ್ಯಾನ್ಸರ್‌ನಿಂದ ತೀರಿಕೊಂಡರು. ಆಗ ಅವರಿಗೆ 64 ವರ್ಷ. ಹಳೆಯ ಕಾಡುಗಳನ್ನು ನೆನೆಯುವ ಅವರ ಪುಸ್ತಕವೊಂದು 1976ರಲ್ಲಿ, ಅವರಿಲ್ಲದ ಮೇಲೆ, ಹೊರಬಂತು.

ಅವರು ಚಿರತೆಗೆ ಕಾದು ಕೂತಿದ್ದ ಜಾಲಹಳ್ಳಿಯಲ್ಲಿ ಇಂದು ಮೆಟ್ರೋ ನಿಲ್ದಾಣವಿದೆ. ಆದರೆ ಬಂಡೀಪುರ, ನಾಗರಹೊಳೆಯ ಅಂಚಿನ ಹಳ್ಳಿಗಳಲ್ಲಿ ಹುಲಿ, ಚಿರತೆಯ ಸುದ್ದಿ ಈಗಲೂ ಬರುತ್ತಲೇ ಇದೆ. ಉರುಳಿಗೆ ಸಿಕ್ಕು ಕಾಲು ಕೆಟ್ಟ ಪ್ರಾಣಿ, ಗುಂಡಿನ ಚೂರು ಹೊತ್ತು ತಿರುಗುವ ಪ್ರಾಣಿ ಇಂದಿಗೂ ಊರಿನತ್ತ ಬರುತ್ತದೆ. ನರಭಕ್ಷಕ ಹುಟ್ಟುವುದು ಕಾಡಿನಲ್ಲಾದರೂ, ಅನೇಕ ಸಲ ಅದನ್ನು ಹುಟ್ಟಿಸುವುದು ಮನುಷ್ಯನ ಅಜಾಗರೂಕ ಕೈ. ಈ ಸತ್ಯವನ್ನು ಆಂಡರ್ಸನ್ ಅವರಷ್ಟು ಹತ್ತಿರದಿಂದ ಕಂಡವರು ಕಡಿಮೆ. ಮುಂದಿನ ಸಲ 'ಕಾಡಿನ ಕತೆಗಳು' ಕೈಗೆತ್ತಿಕೊಂಡಾಗ, ಹುಲಿ ಸತ್ತ ಪುಟದಲ್ಲಿ ನಿಲ್ಲಬೇಡಿ. ಆ ಹುಲಿಗೆ ಮೊದಲ ಗಾಯ ಮಾಡಿದವರು ಯಾರು ಎಂಬ ಪುಟವನ್ನೂ ಹುಡುಕಿ ಓದಿ.