ಡೆನಿಸ್ ರಿಚಿ ಮಾಡಿದ ಬೀಗದ ಕೈ ನಿಮ್ಮ ಫೋನಿನಿಂದ ಹೋಗಿದ್ದೇಕೆ?

ಅಕ್ಟೋಬರ್ ಬಂದರೆ ವಾಟ್ಸಾಪ್‌ನಲ್ಲಿ ಒಂದು ಸಂದೇಶ ಓಡಾಡುತ್ತದೆ. ಸ್ಟೀವ್ ಜಾಬ್ಸ್ ತೀರಿಕೊಂಡಾಗ ಜಗತ್ತೇ ಅತ್ತಿತು, ಅದೇ ತಿಂಗಳು ಹೋದ ಡೆನಿಸ್ ರಿಚಿಯನ್ನು ಯಾರೂ ಕೇಳಲಿಲ್ಲ, ಅವರಿಲ್ಲದಿದ್ದರೆ ನಿಮ್ಮ ಫೋನೇ ಇರುತ್ತಿರಲಿಲ್ಲ ಎನ್ನುವುದು ಅದರ ಸಾರಾಂಶ. ಇದು ಬಹುಪಾಲು ನಿಜ. ಆದರೆ ಆ ಸಂದೇಶದಲ್ಲಿ ಬಾರದ ಒಂದು ಕಥೆ ನಿಮ್ಮ ಫೋನಿನ ಸುರಕ್ಷತೆಗೆ ಸಂಬಂಧಿಸಿದ್ದು. ಅದನ್ನು ನಾವಿಲ್ಲಿ ಹೇಳುತ್ತೇವೆ.

ಯಾರು ಈ ರಿಚಿ?

ರಿಚಿ ಹುಟ್ಟಿದ್ದು 1941ರ ಸೆಪ್ಟೆಂಬರ್ 9ರಂದು, ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬ್ರಾಂಕ್ಸ್‌ವಿಲ್‌ನಲ್ಲಿ. ತಂದೆ ಬೆಲ್ ಲ್ಯಾಬ್ಸ್‌ನಲ್ಲಿ ವಿಜ್ಞಾನಿ. ಹಾರ್ವರ್ಡ್‌ನಲ್ಲಿ ಭೌತಶಾಸ್ತ್ರ ಓದಿದ ಮಗನೂ 1967ರಲ್ಲಿ ಅಲ್ಲಿಗೇ ಕೆಲಸಕ್ಕೆ ಸೇರಿದರು. 1969ರಲ್ಲಿ ಸಹೋದ್ಯೋಗಿ ಕೆನ್ ಥಾಂಪ್ಸನ್ ಶುರು ಮಾಡಿದ ಯೂನಿಕ್ಸ್ ಆಪರೇಟಿಂಗ್ ಸಿಸ್ಟಂ ಅನ್ನು ಇಬ್ಬರೂ ಸೇರಿ ಬೆಳೆಸಿದರು. ಸಿ ಭಾಷೆ ರಿಚಿಯವರದು. 1983ರಲ್ಲಿ ಇಬ್ಬರಿಗೂ ಟ್ಯೂರಿಂಗ್ ಪ್ರಶಸ್ತಿ ಬಂತು. ಆಂಡ್ರಾಯ್ಡ್‌ನ ಒಳಗಿರುವ ಲಿನಕ್ಸ್, ಯೂನಿಕ್ಸ್ ಮಾದರಿಯಲ್ಲೇ ಬೆಳೆದದ್ದು, ಹೆಚ್ಚಿನಂಶ ಸಿ ಭಾಷೆಯಲ್ಲೇ ಬರೆದದ್ದು.

ಏನಿದು ಬೀಗದ ಕೈ?

ಯೂನಿಕ್ಸ್‌ನಲ್ಲಿ ಒಂದೇ ಕಂಪ್ಯೂಟರನ್ನು ಹಲವರು ಬಳಸುತ್ತಿದ್ದರು. ಎಲ್ಲರ ಪಾಸ್‌ವರ್ಡ್ ಇರುವ ಕಡತವನ್ನು ತಿದ್ದುವ ಅಧಿಕಾರ ರೂಟ್ ಎಂಬ ಯಜಮಾನ ಖಾತೆಗೆ ಮಾತ್ರ. ಹಾಗಾದರೆ ಸಾಮಾನ್ಯ ಬಳಕೆದಾರ ತನ್ನ ಪಾಸ್‌ವರ್ಡ್ ಬದಲಿಸುವುದು ಹೇಗೆ? ರಿಚಿ ಕಂಡುಕೊಂಡ ಉತ್ತರವೇ ಸೆಟ್‌ಯುಐಡಿ. ಪ್ರೋಗ್ರಾಂ ಕಡತದ ಮೇಲೆ ಒಂದು ಗುರುತು ಹಾಕಿದರೆ, ಅದನ್ನು ಯಾರೇ ನಡೆಸಿದರೂ ಅದು ಮಾಲೀಕರ ಅಧಿಕಾರದಲ್ಲಿ ಕೆಲಸ ಮಾಡುತ್ತದೆ. ಇದಕ್ಕೆ 1973ರಲ್ಲಿ ಅರ್ಜಿ ಹಾಕಿ, 1979ರಲ್ಲಿ ಪೇಟೆಂಟ್ ಸಿಕ್ಕಿತು.

ತೊಂದರೆ ಎಲ್ಲಿ?

ಆ ಮಾಲೀಕ ಹೆಚ್ಚಾಗಿ ರೂಟ್ ಆಗಿರುತ್ತಿತ್ತು. ನೆಟ್‌ವರ್ಕ್ ಪರೀಕ್ಷಿಸುವ ಪಿಂಗ್‌ನಂಥ ಚಿಕ್ಕ ಪ್ರೋಗ್ರಾಂಗೂ ಪೂರ್ತಿ ಅಧಿಕಾರ! ನಲ್ಲಿ ರಿಪೇರಿಗೆ ಬಂದವರ ಕೈಗೆ ಇಡೀ ಮನೆಯ ಬೀಗದ ಕೈ ಗೊಂಚಲು ಕೊಟ್ಟ ಹಾಗೆ. ಅಂಥ ಪ್ರೋಗ್ರಾಂನಲ್ಲಿ ತಪ್ಪೊಂದು ಉಳಿದರೆ ಗೊಂಚಲು ಕಳ್ಳನ ಪಾಲು. ಪಿಕೆಎಕ್ಸೆಕ್ ಎಂಬ ಸೆಟ್‌ಯುಐಡಿ ಪ್ರೋಗ್ರಾಂನಲ್ಲಿ 2009ರಿಂದ ಅಡಗಿದ್ದ ಇಂಥ ತಪ್ಪು ಬಯಲಾದದ್ದು 2022ರಲ್ಲಿ.

ಪರಿಹಾರ ಏನು?

ಗೊಂಚಲನ್ನು ಬಿಡಿಸುವುದು. 1999ರಲ್ಲಿ ಬಂದ ಲಿನಕ್ಸ್ 2.2 ರೂಟ್ ಅಧಿಕಾರವನ್ನು ಕೇಪಬಿಲಿಟಿ ಎಂಬ ತುಂಡುಗಳಾಗಿ ಹಂಚಿತು. ಇಂದು ಅಂಥವು ಸುಮಾರು 40 ಇವೆ. 2008ರಿಂದ ಬೇಕಾದ ತುಂಡನ್ನಷ್ಟೇ ಪ್ರೋಗ್ರಾಂ ಕಡತಕ್ಕೆ ಅಂಟಿಸಬಹುದಾಯಿತು. ಪಿಂಗ್‌ಗೆ ನೆಟ್‌ವರ್ಕ್‌ನ ತುಂಡೊಂದು ಸಾಕು. 2011ರ ಮೇನಲ್ಲಿ ಬಂದ ಫೆಡೋರಾ 15 ತನ್ನ ಪ್ಯಾಕೇಜ್‌ಗಳಲ್ಲಿ ಈ ಬದಲಾವಣೆಗೆ ಕೈಹಾಕಿತು. 2013ರ ಆಂಡ್ರಾಯ್ಡ್ 4.3 ತನ್ನ ಸಿಸ್ಟಂನಿಂದ ಸೆಟ್‌ಯುಐಡಿ ಪ್ರೋಗ್ರಾಂಗಳನ್ನೆಲ್ಲ ತೆಗೆದೇಬಿಟ್ಟಿತು.

ಹಾಗೆಂದು ಇದು ಮಂತ್ರದಂಡವಲ್ಲ. ಕೆಲವು ತುಂಡುಗಳೇ ರೂಟ್‌ನಷ್ಟು ದೊಡ್ಡವು. ಪೂರ್ತಿ ಅಧಿಕಾರವೇ ಬೇಕಾದ ಸುಡೊ ಇಂದಿಗೂ ಸೆಟ್‌ಯುಐಡಿಯನ್ನೇ ನಂಬಿದೆ.

ನಾವು ಹೇಳುವುದಿಷ್ಟು

ರಿಚಿ ತಪ್ಪು ಮಾಡಿದರೆಂದಲ್ಲ. ಅಂದಿನ ಸಮಸ್ಯೆಗೆ ಅದು ಜಾಣ ಉತ್ತರ. ಮುಂದಿನವರು ಅದನ್ನು ಬಿಗಿಗೊಳಿಸಿದರು. 2007ರಲ್ಲಿ ನಿವೃತ್ತರಾದ ರಿಚಿ, 2011ರ ಅಕ್ಟೋಬರ್ 12ರಂದು, ಜಾಬ್ಸ್ ತೀರಿಕೊಂಡ ಒಂದು ವಾರಕ್ಕೆ, ನ್ಯೂಜೆರ್ಸಿಯ ತಮ್ಮ ಮನೆಯಲ್ಲಿ ನಿಧನರಾಗಿರುವುದು ತಿಳಿದುಬಂತು. ಅವರಿಗೆ 70 ವರ್ಷ.

ಫೋನ್ ರೂಟ್ ಮಾಡಿ, ವೇಗ ಹೆಚ್ಚುತ್ತದೆ ಎಂಬ ಫಾರ್ವರ್ಡ್ ಬಂದರೆ ಇದನ್ನು ನೆನಪಿಡಿ. ಜಾಗ್ರತೆಯಿಂದ ಬಿಡಿಸಿಟ್ಟ ಗೊಂಚಲನ್ನು ಮತ್ತೆ ಕಟ್ಟಿ, ಗುರುತಿಲ್ಲದ ಆ್ಯಪ್ ಕೈಗೆ ಕೊಡಬೇಡಿ.