ನೀರನ್ನರಿತ ವ್ಯಾಪಾರಿ

ನನ್ನ ಮೇಜಿನ ಮೇಲೆ ಈ ಹೊತ್ತು ಎರಡು ಬಿಳಿಯ ಬಟ್ಟಲುಗಳಿವೆ. ಎರಡರಲ್ಲಿಯೂ ಇರುವುದು ಒಂದೇ ಪೊಟ್ಟಣದ ಚಹ. ತೂಕ ಒಂದೇ, ನೀರು ಕುದಿಸಿದ ಪಾತ್ರೆ ಒಂದೇ, ಸೊಪ್ಪನ್ನು ನೆನೆಯಲು ಬಿಟ್ಟ ಐದು ನಿಮಿಷಗಳ ಅವಧಿಯೂ ಒಂದೇ. ಹಾಲು ಸಕ್ಕರೆಗಳನ್ನು ಬೇಕೆಂದೇ ಬೆರೆಸಿಲ್ಲ. ಆದರೂ ಒಂದು ಬಟ್ಟಲಿನ ಚಹ ಮಾವಿನ ಎಳೆ ಚಿಗುರಿನಂತೆ ಕೆಂಪಾಗಿ, ತಳ ಕಾಣುವಷ್ಟು ತಿಳಿಯಾಗಿದೆ. ಇನ್ನೊಂದರದು ಕಂದಿಹೋಗಿದೆ, ಮೇಲೆ ತೆಳ್ಳನೆಯ ಪೊರೆ ಕಟ್ಟಿದೆ. ಮೊದಲನೆಯದು ನಾಲಗೆಗೆ ಚುರುಕಾಗಿ ತಾಗಿ ಹಿತವಾದ ಒಗರನ್ನು ಉಳಿಸಿ ಹೋಗುತ್ತದೆ. ಎರಡನೆಯದು ಬಣ್ಣದಲ್ಲಿ ಗಾಢವಾದರೂ ರುಚಿಯಲ್ಲಿ ಜಡ. ಭೇದವಿರುವುದು ನೀರಿನಲ್ಲಿ. ಮೊದಲನೆಯದಕ್ಕೆ ಮೈಸೂರಿನ ನಮ್ಮ ಮನೆಯ ನಲ್ಲಿಯ ನೀರು. ಎರಡನೆಯದಕ್ಕೆ ಕೋಲಾರದಲ್ಲಿರುವ ತಂಗಿಯ ಮನೆಯಿಂದ ಸೀಸೆಯಲ್ಲಿ ತುಂಬಿಸಿಕೊಂಡು ಬಂದ ಕೊಳವೆಬಾವಿಯ ಗಡಸು ನೀರು. ಗಡಸು ನೀರಿನಲ್ಲಿ ಕರಗಿರುವ ಸುಣ್ಣದ ಅಂಶವು ಚಹದ ಒಗರಿನೊಡನೆ ಕೂಡಿ ಆ ಪೊರೆಯನ್ನು ಕಟ್ಟುತ್ತದೆಯಂತೆ.

ಇಷ್ಟು ಚಿಕ್ಕ ಸಂಗತಿಯನ್ನು ಮನಸ್ಸಿಗೆ ತಂದುಕೊಂಡು ದೊಡ್ಡ ವ್ಯಾಪಾರವನ್ನು ಕಟ್ಟಿದವನೊಬ್ಬನಿದ್ದ. ಆತನ ಹೆಸರನ್ನು ತಿಳಿಯದವರು ನಮ್ಮಲ್ಲಿಯೂ ವಿರಳ. ಆದರೆ ಅದು ಮನುಷ್ಯನೊಬ್ಬನ ಹೆಸರೆಂಬುದನ್ನು ನೆನೆಯುವವರು ಇನ್ನೂ ವಿರಳ. ನನಗೂ ಬಾಲ್ಯದಲ್ಲಿ ಲಿಪ್ಟನ್ ಎಂದರೆ ಒಂದು ಡಬ್ಬಿಯಷ್ಟೆ. ಚಹ ಮುಗಿದ ಮೇಲೆ ನಮ್ಮ ತಾಯಿ ಅದರಲ್ಲಿ ಮೆಂತ್ಯ ತುಂಬಿಡುತ್ತಿದ್ದರು.

ಥಾಮಸ್ ಲಿಪ್ಟನ್ ಹುಟ್ಟಿದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ. ಆತ ತನ್ನ ಜನ್ಮವರ್ಷವನ್ನು 1850 ಎಂದು ಹೇಳಿಕೊಳ್ಳುತ್ತಿದ್ದ. ಈಗ ಬಹುಮಟ್ಟಿಗೆ ಒಪ್ಪಿರುವುದು 1848. ತಂದೆತಾಯಿಗಳು ಐರ್ಲೆಂಡಿನವರು, ಅಲ್ಲಿ ಭೀಕರ ಕ್ಷಾಮ ತಲೆದೋರಿದ ಕಾಲದಲ್ಲಿ ಹೊಟ್ಟೆಪಾಡಿಗಾಗಿ ಕಡಲು ದಾಟಿ ಬಂದವರು. ಬಡವರು ಕಿಕ್ಕಿರಿದು ಬದುಕುತ್ತಿದ್ದ ಕೇರಿಯಲ್ಲಿ ಬೆಣ್ಣೆ, ಮೊಟ್ಟೆ, ಹಂದಿಯ ಮಾಂಸಗಳನ್ನು ಮಾರುವ ಒಂದು ಕಿರಿದಾದ ಅಂಗಡಿಯನ್ನಿಟ್ಟಿದ್ದರು. ಮೊಟ್ಟೆಗಳನ್ನು ಅಪ್ಪನಿಗೆ ಬದಲು ಅಮ್ಮನೇ ಎತ್ತಿಕೊಡಲಿ, ಆಕೆಯ ಕೈ ಚಿಕ್ಕದಾದುದರಿಂದ ಮೊಟ್ಟೆ ದೊಡ್ಡದಾಗಿ ಕಾಣುತ್ತದೆ ಎಂದು ಹುಡುಗ ಸಲಹೆಯಿತ್ತನೆಂಬ ಕಥೆಯುಂಟು. ಕಥೆ ನಿಜವಿರಲಿ ಇಲ್ಲದಿರಲಿ, ಆ ಹುಡುಗನ ಮುಂದಿನ ಬಾಳೆಲ್ಲ ಅದರಲ್ಲಿ ಅಡಗಿದೆ. ವಸ್ತುವಿನ ಗುಣವೆಷ್ಟು ಮುಖ್ಯವೋ ಅದು ಕೊಳ್ಳುವವನ ಕಣ್ಣಿಗೆ ಹೇಗೆ ಕಾಣುತ್ತದೆಂಬುದೂ ಅಷ್ಟೇ ಮುಖ್ಯವೆಂಬುದನ್ನು ಆತ ಕೊನೆಯವರೆಗೂ ಮರೆಯಲಿಲ್ಲ.

ಆತನ ಬಾಲ್ಯದಲ್ಲಿ ಆ ನಗರಕ್ಕೆ ಒಂದು ಭಾಗ್ಯ ಬಂದಿತು. 1859ರಲ್ಲಿ ದೂರದ ಬೆಟ್ಟಗಳ ನಡುವಣ ಕ್ಯಾಟ್ರಿನ್ ಸರೋವರದ ನೀರು ಗ್ಲಾಸ್ಗೋಗೆ ಹರಿದು ಬಂತು. ಬಹಳ ಮೆದುವಾದ ನೀರದು. ಸುಣ್ಣದ ನೆಲದಿಂದ ಬರುವ ಲಂಡನ್ನಿನ ನೀರಾದರೋ ಗಡಸು. ಈ ಎರಡು ನಗರಗಳ ನಡುವಣ ಅಂತರ ನನ್ನ ಮೇಜಿನ ಮೇಲಿನ ಎರಡು ಬಟ್ಟಲುಗಳ ಅಂತರವೇ.

ಹುಡುಗ ಶಾಲೆಯನ್ನು ಬೇಗನೆ ಬಿಟ್ಟ. ಕಾಗದದ ಅಂಗಡಿಯಲ್ಲಿ ಆಳಾಗಿ, ಬೆಲ್‌ಫಾಸ್ಟಿಗೆ ಹೋಗುವ ಹಡಗಿನಲ್ಲಿ ಚಾಕರಿಯವನಾಗಿ ದುಡಿದು, 1865ರಲ್ಲಿ ಅಮೆರಿಕಕ್ಕೆ ಹೊರಟುಹೋದ. ವರ್ಜೀನಿಯದ ಹೊಗೆಸೊಪ್ಪಿನ ಹೊಲ, ದಕ್ಷಿಣ ಕರೊಲಿನದ ಬತ್ತದ ಗದ್ದೆ, ಕೊನೆಗೆ ನ್ಯೂಯಾರ್ಕಿನ ಭಾರಿ ಮಳಿಗೆಯ ದಿನಸಿ ವಿಭಾಗ, ಹೀಗೆ ಅಲ್ಲಿಲ್ಲಿ ಅಲೆದು, ಮಾರಾಟದ ಹೊಸ ವಿದ್ಯೆಯನ್ನು ಕಲಿತು ಮನೆಗೆ ಹಿಂದಿರುಗಿದ. 1871ರಲ್ಲಿ ಗ್ಲಾಸ್ಗೋದ ಸ್ಟಾಬ್‌ಕ್ರಾಸ್ ಬೀದಿಯಲ್ಲಿ ತನ್ನದೇ ಅಂಗಡಿ ತೆರೆದ. ಮಧ್ಯಸ್ಥರನ್ನು ಬಿಟ್ಟು ಬೆಳೆಯುವವರಿಂದಲೇ ಕೊಳ್ಳುವುದು, ಕಡಮೆ ಲಾಭಕ್ಕೆ ಹೆಚ್ಚು ಮಾರುವುದು, ಬೀದಿಯೆಲ್ಲ ಬೆರಗಾಗುವಂತೆ ಸಾರುವುದು ಆತನ ಮೂರು ಸೂತ್ರಗಳು. ಅಲಂಕರಿಸಿದ ಹಂದಿಗಳ ಮೆರವಣಿಗೆ ಹೊರಡಿಸಿದ. ಕ್ರಿಸ್‌ಮಸ್ ಸಮಯದಲ್ಲಿ ಆನೆಗಾತ್ರದ ಗಿಣ್ಣಿನ ಗಡ್ಡೆಯೊಳಗೆ ಚಿನ್ನದ ನಾಣ್ಯಗಳನ್ನು ಹುದುಗಿಸಿ ಚೂರು ಚೂರಾಗಿ ಮಾರಿದ. ಇಪ್ಪತ್ತು ವರ್ಷ ತುಂಬುವುದರೊಳಗೆ ಆತನ ಅಂಗಡಿಗಳ ಸಂಖ್ಯೆ ಸುಮಾರು 300ಕ್ಕೆ ಏರಿತ್ತು. ಇಷ್ಟಾದರೂ ಚಹದ ಮಾತು ಇನ್ನೂ ಬಂದಿರಲಿಲ್ಲ.

ಚಹವನ್ನು ಕುರಿತು ಯೋಚಿಸುವ ಹೊತ್ತಿಗೆ ಆತನಿಗೆ ನಲವತ್ತು ದಾಟಿತ್ತು. 1889ರಲ್ಲಿ ತಾಯಿ ತೀರಿಕೊಂಡಳು, ಮರುವರ್ಷ ತಂದೆಯೂ ಹೋದ. ಮದುವೆಯಾಗದ ಆತನಿಗೆ ತಾಯಿಯೇ ಸರ್ವಸ್ವವಾಗಿದ್ದವಳು. ಹೊಸತೊಂದು ಸಾಹಸಕ್ಕೆ ಕೈಹಾಕಲು ಆ ಶೂನ್ಯವೂ ಒಂದು ಕಾರಣವಾಗಿರಬೇಕೆಂದು ನನಗೆ ತೋರುತ್ತದೆ. 1890ರಲ್ಲಿ ಆಸ್ಟ್ರೇಲಿಯಕ್ಕೆ ವಿಹಾರ ಹೋಗುವೆನೆಂದು ಹೇಳಿ ಹೊರಟವನು ನಡುದಾರಿಯಲ್ಲಿ ಕೊಲಂಬೊದಲ್ಲಿ ಇಳಿದುಬಿಟ್ಟ.

ಆಗಿನ ಸಿಂಹಳದ ಸ್ಥಿತಿಯನ್ನು ಕಾಫಿನಾಡಿನವರಾದ ನಾವು ಸುಲಭವಾಗಿ ಊಹಿಸಿಕೊಳ್ಳಬಹುದು. 1869ರಲ್ಲಿ ಕಾಣಿಸಿಕೊಂಡ ಎಲೆತುಕ್ಕು ರೋಗ ಆ ದ್ವೀಪದ ಕಾಫಿಯನ್ನೆಲ್ಲ ನುಂಗಿತ್ತು. ಅದೇ ರೋಗ ಬಾಬಾಬುಡನ್‌ಗಿರಿಯನ್ನೂ ಕೊಡಗನ್ನೂ ಕಾಡಿತು; ಆದರೆ ಇಲ್ಲಿ ಕಾಫಿ ಉಳಿಯಿತು, ಅಲ್ಲಿ ಅಳಿಯಿತು. ಬರಿದಾದ ಬೆಟ್ಟಗಳಲ್ಲಿ ಚಹ ಬೆಳೆಯಬಹುದೆಂದು ತೋರಿಸಿಕೊಟ್ಟವನು ಜೇಮ್ಸ್ ಟೇಲರ್ ಎಂಬ ಇನ್ನೊಬ್ಬ ಸ್ಕಾಟ್ಲೆಂಡಿನವನು. ಆತ ಕ್ಯಾಂಡಿಯ ಬಳಿಯ ಲೂಲ್‌ಕಂದೂರ ತೋಟದಲ್ಲಿ 1867ರಲ್ಲಿ 19 ಎಕರೆ ಚಹ ನೆಟ್ಟ; ತನ್ನ ಬಂಗಲೆಯ ಜಗುಲಿಯ ಮೇಲೆ ಎಲೆಗಳನ್ನು ಕೈಯಿಂದಲೇ ಹೊಸೆಯಿಸಿ ಹದ ಕಂಡುಕೊಂಡ. ಲಿಪ್ಟನ್ ಬಂದಿಳಿದಾಗ ಟೇಲರ್ ಇನ್ನೂ ಬದುಕಿದ್ದ. ಎರಡು ವರ್ಷಗಳ ಮೇಲೆ, ತನ್ನ ಬಾಳನ್ನೆಲ್ಲ ತೆತ್ತ ಆ ತೋಟದ ಕೆಲಸವನ್ನೂ ಕಳೆದುಕೊಂಡು, ಆಮಶಂಕೆಯಿಂದ ತೀರಿಕೊಂಡ. ಒಬ್ಬ ಚಹವನ್ನು ಮಾಡಿದ, ಇನ್ನೊಬ್ಬ ಅದಕ್ಕೆ ಹೆಸರನ್ನು ಮಾಡಿದ. ಲೋಕಕ್ಕೆ ನೆನಪಿರುವುದು ಹೆಸರು.

ಕಾಫಿಯಿಂದ ಕೆಟ್ಟ ತೋಟಗಳು ಅಗ್ಗವಾಗಿ ಬಿಕರಿಗಿದ್ದುವು. ಹಪುತಳೆಯ ಸಮೀಪದ ದಂಬತೆನ್ನೆಯೇ ಮೊದಲಾದ ತೋಟಗಳನ್ನು ಲಿಪ್ಟನ್ ಕೊಂಡ. ಆಗ ಇಂಗ್ಲೆಂಡಿನ ಅಂಗಡಿಗಳಲ್ಲಿ ಒಳ್ಳೆಯ ಚಹಕ್ಕೆ ಪೌಂಡಿಗೆ ಸುಮಾರು 3 ಷಿಲಿಂಗು ಬೆಲೆ. ಆತ 1 ಷಿಲಿಂಗು 7 ಪೆನ್ಸಿಗೆ ಮಾರಿದ. ಕಾಲು, ಅರ್ಧ, ಒಂದು ಪೌಂಡಿನ ಪೊಟ್ಟಣಗಳನ್ನು ಮಾಡಿಸಿದ. ಪೊಟ್ಟಣದ ಚಹ ಆತನ ಕಲ್ಪನೆಯಲ್ಲ. ಜಾನ್ ಹಾರ್ನಿಮನ್ ಎಂಬಾತ 1826ರಷ್ಟು ಹಿಂದೆಯೇ ಅದನ್ನು ಆರಂಭಿಸಿದ್ದ. ಅದನ್ನು ಕೂಲಿಕಾರನ ಮನೆಯವರೆಗೆ ಒಯ್ದದ್ದು ಲಿಪ್ಟನ್ನನ ಕೆಲಸ.

ಇಲ್ಲಿಯೇ ನೀರಿನ ಮಾತು ಬರುವುದು. ಲಂಡನ್ನಿನ ಮಿನ್ಸಿಂಗ್ ಲೇನ್ ಆಗ ಚಹದ ವ್ಯಾಪಾರದ ಹೃದಯವಾಗಿತ್ತು. ಅಲ್ಲಿ ರುಚಿ ನೋಡುವವರ ಕ್ರಮ ಈಗಲೂ ಹೆಚ್ಚು ಬದಲಾಗಿಲ್ಲ. ಆರು ಪೆನ್ಸಿನ ನಾಣ್ಯದ ತೂಕದಷ್ಟು, ಎಂದರೆ ಮೂರು ಗ್ರಾಮಿಗೆ ತುಸು ಕಡಮೆ ಸೊಪ್ಪು, ಮುಚ್ಚಳವಿರುವ ಬಟ್ಟಲು, ಆಗತಾನೆ ಕುದಿದ ನೀರು, ಐದಾರು ನಿಮಿಷ. ಬಸಿದ ರಸವನ್ನು ಚಮಚದಿಂದ ಸದ್ದಾಗುವಂತೆ ಸೊರ್ರೆಂದು ಹೀರಿ, ಬಾಯೆಲ್ಲ ಆಡಿಸಿ, ಉಗಿದುಬಿಡುತ್ತಾರೆ. ನೋಡುವವರಿಗೆ ಅಸಭ್ಯವೆನಿಸಬಹುದು, ಆದರೆ ಗಾಳಿಯೊಡನೆ ಹೀರಿದರೆ ಮಾತ್ರ ಘಮ ಮೂಗಿನ ಒಳಭಾಗವನ್ನು ಮುಟ್ಟುತ್ತದೆ. ನಾನೂ ಬಾಗಿಲು ಮುಚ್ಚಿಕೊಂಡು ಅಭ್ಯಾಸ ಮಾಡಿದ್ದೇನೆ. ಹೀಗೆ ಹೀರಿದಾಗ ಅಸ್ಸಾಮಿನ ಚಹ ಹುರಿದ ಹಿಟ್ಟಿನಂಥ ಗಾಢವಾದ ಘಮವನ್ನು ಕೊಡುತ್ತದೆ, ಮೈ ತುಂಬಿದ ರಸ ಅದರದು. ಸಿಂಹಳದ ಎತ್ತರದ ಬೆಟ್ಟಗಳ ಚಹ ತೆಳು, ಆದರೆ ಹೊಳಪುಳ್ಳದ್ದು, ಚುರುಕಾದದ್ದು. ಡಾರ್ಜಿಲಿಂಗಿನದು ಹೂವಿನ ಕಡೆಗೆ ವಾಲುತ್ತದೆ. ನಮ್ಮ ನೆರೆಯ ನೀಲಗಿರಿಯದು ಸುವಾಸನೆಯಲ್ಲಿ ಸಿಂಹಳಕ್ಕೆ ನಂಟು.

ಯಾವ ತೋಟದ ಚಹವೂ ವರ್ಷವೆಲ್ಲ ಒಂದೇ ಸಮನಾಗಿರುವುದಿಲ್ಲ. ಮಳೆ ಬಿದ್ದರೆ ಒಂದು ರುಚಿ, ಒಣಗಾಳಿ ಬೀಸಿದರೆ ಇನ್ನೊಂದು. ಹತ್ತಿಪ್ಪತ್ತು ತೋಟಗಳ ಸೊಪ್ಪನ್ನು ಹದವರಿತು ಕೂಡಿಸಿ, ಮಾಘದಲ್ಲಿ ಕೊಂಡ ಪೊಟ್ಟಣಕ್ಕೂ ಶ್ರಾವಣದಲ್ಲಿ ಕೊಂಡ ಪೊಟ್ಟಣಕ್ಕೂ ಭೇದ ತಿಳಿಯದಂತೆ ಮಾಡುವುದೇ ಮಿಶ್ರಣದ ವಿದ್ಯೆ. ಲಿಪ್ಟನ್ ಇದಕ್ಕೆ ಇನ್ನೊಂದು ಹೆಜ್ಜೆಯನ್ನು ಸೇರಿಸಿದ. ಆಯಾ ಊರಿನ ನೀರಿನ ಮಾದರಿಗಳನ್ನು ತರಿಸಿಕೊಂಡು, ಆ ನೀರಿಗೆ ಒಪ್ಪುವಂತೆ ಚಹವನ್ನು ಬೆರೆಸಿ, ಇದು ನಿಮ್ಮ ಊರಿನ ನೀರಿಗೆಂದೇ ಮಾಡಿದ್ದೆಂದು ಸಾರಿದ. ಗಡಸು ನೀರಿಗೆ ಗಟ್ಟಿ ಚಹ ಬೇಕು; ಮೆದು ನೀರಿನಲ್ಲಿ ನವುರಾದ ಚಹವೂ ಅರಳುತ್ತದೆ. ಪ್ರಚಾರದಲ್ಲಿ ಉತ್ಪ್ರೇಕ್ಷೆ ಇರಲಿಲ್ಲವೆಂದಲ್ಲ. ಆದರೆ ಅದರ ಕೆಳಗೆ ಒಂದು ಸತ್ಯವಿತ್ತು. ಕುಡಿಯುವವನನ್ನು ಚಹಕ್ಕೆ ಒಗ್ಗಿಸುವುದರ ಬದಲು ಚಹವನ್ನು ಕುಡಿಯುವವನ ಮನೆಯ ನೀರಿಗೆ ಒಗ್ಗಿಸಬೇಕೆಂದು ಆತ ಕಂಡುಕೊಂಡಿದ್ದ. ಮೂವತ್ತು ವರ್ಷ ಪಾಠ ಹೇಳಿದ ನನಗೆ ಈ ವಿವೇಕ ಬಂದದ್ದು ನಿವೃತ್ತಿಗೆ ಸ್ವಲ್ಪ ಮುಂಚೆ. ಒಂದೇ ಪಾಠವನ್ನು ಎಲ್ಲ ಮಕ್ಕಳಿಗೂ ಒಂದೇ ರೀತಿ ಸುರಿದು, ಕೆಲವರಲ್ಲಿ ಅದು ಕಂದಿದಾಗ ನೀರನ್ನೇ ದೂರಿದವನು ನಾನು.

ಮುಂದಿನ ಕಥೆಯನ್ನು ಸಂಕ್ಷೇಪವಾಗಿ ಹೇಳಬಹುದು. 1897ರಲ್ಲಿ ವಿಕ್ಟೋರಿಯ ರಾಣಿಯ ವಜ್ರಮಹೋತ್ಸವದಂದು ಬಡವರ ಭೋಜನಕ್ಕೆ 25,000 ಪೌಂಡು ಕೊಟ್ಟ. ಮರುವರ್ಷ ಸರ್ ಪದವಿ ಬಂತು. ಅಮೆರಿಕದ ಬಟ್ಟಲೆಂದು ಹೆಸರಾದ ಹಾಯಿದೋಣಿಗಳ ಪಂದ್ಯಕ್ಕೆ 1899, 1901, 1903, 1920, 1930, ಹೀಗೆ ಐದು ಸಲ ಸವಾಲೆಸೆದು ಐದು ಸಲವೂ ಸೋತ. ಪ್ರತಿ ದೋಣಿಗೂ ತಂದೆತಾಯಿಗಳ ನಾಡಿನ ಮೂರೆಲೆಯ ಸೊಪ್ಪಿನ ಹೆಸರನ್ನೇ ಇಟ್ಟಿದ್ದ. ನಗುನಗುತ್ತ ಸೋಲುವ ಮುದುಕನನ್ನು ಮೆಚ್ಚಿ ಅಮೆರಿಕದ ಜನ ಕೊನೆಗೆ ಚಂದಾ ಎತ್ತಿ ಚಿನ್ನದ ಬಟ್ಟಲೊಂದನ್ನು ಕಾಣಿಕೆಯಿತ್ತರು. ಚಹ ಮಾರಿದವನಿಗೆ ಬಟ್ಟಲು ಕೊಟ್ಟದ್ದು ಉಚಿತವೇ. 1927ರ ಹೊತ್ತಿಗೆ ಕಂಪನಿಯ ಹಿಡಿತ ಕೈತಪ್ಪಿತ್ತು. 1931ರ ಅಕ್ಟೋಬರ್ 2ರಂದು ತೀರಿಕೊಂಡಾಗ ಆಸ್ತಿಯ ಬಹುಭಾಗವನ್ನು ಗ್ಲಾಸ್ಗೋ ನಗರಕ್ಕೆ, ಅಲ್ಲಿನ ಬಡವರ ಹಿತಕ್ಕೆ ಬಿಟ್ಟಿದ್ದ. ದೇಹವನ್ನು ಅಲ್ಲಿಯೇ ತಂದೆತಾಯಿಗಳ ಪಕ್ಕದಲ್ಲಿ ಮಣ್ಣು ಮಾಡಿದರು.

ಇಷ್ಟಕ್ಕೇ ನಿಲ್ಲಿಸಿದ್ದರೆ ಇದೊಂದು ಮೆಚ್ಚುಗೆಯ ಲೇಖನವಾಗುತ್ತಿತ್ತು. ಆದರೆ ತೋಟದಿಂದ ನೇರವಾಗಿ ನಿಮ್ಮ ಮನೆಗೆ ಎಂದು ಸಾರಿದ ಆ ಪೊಟ್ಟಣಗಳಲ್ಲಿ ಆತನ ಸ್ವಂತ ತೋಟಗಳ ಸೊಪ್ಪು ಅತ್ಯಲ್ಪ. ಉಳಿದದ್ದು ಎಲ್ಲರಂತೆ ಹರಾಜಿನಲ್ಲಿ ಕೊಂಡದ್ದು. ಜಾಹೀರಾತಿನಲ್ಲಿ ನಗುವ ತಮಿಳು ಹೆಂಗಸಿನ ಚಿತ್ರವಿರುತ್ತಿತ್ತು. ಆಕೆಯ ಬಾಳು ಅದರಲ್ಲಿ ಇರಲಿಲ್ಲ. ಮದರಾಸು ಪ್ರಾಂತದಿಂದ ಹೋಗಿ ತಲೆಮಾರುಗಳ ಕಾಲ ಆ ಬೆಟ್ಟಗಳಲ್ಲಿ ದುಡಿದವರ ಬಹುಪಾಲಿಗೆ ಸ್ವತಂತ್ರ ಸಿಂಹಳದ 1948ರ ಶಾಸನ ಪೌರತ್ವವನ್ನೇ ನಿರಾಕರಿಸಿತು. 1964ರಲ್ಲಿ ಶಾಸ್ತ್ರಿ ಮತ್ತು ಸಿರಿಮಾವೋ ಅವರ ಒಪ್ಪಂದವಾಗಿ ಲಕ್ಷಾಂತರ ಜನರನ್ನು ಭಾರತಕ್ಕೆ ಕಳುಹಿಸುವುದೆಂದು ತೀರ್ಮಾನವಾಯಿತು. ಅವರಲ್ಲಿ ಕೆಲವರು ನಮ್ಮ ಸುಳ್ಯ, ಪುತ್ತೂರುಗಳ ಸರ್ಕಾರಿ ರಬ್ಬರ್ ತೋಟಗಳಿಗೆ ಬಂದು ನೆಲಸಿದರು.

ಕೆಲವು ವರ್ಷಗಳ ಹಿಂದೆ ಸುಳ್ಯದ ಕಡೆ ಮೇಷ್ಟರಾಗಿರುವ ನನ್ನ ಹಳೆಯ ಶಿಷ್ಯನೊಬ್ಬನ ಜೊತೆ ಅಂಥದೊಂದು ಮನೆಗೆ ಹೋಗಿದ್ದೆ. ಬಾಲ್ಯದಲ್ಲಿ ತಾಯಿಯೊಡನೆ ಸಿಂಹಳದ ಬೆಟ್ಟಗಳಲ್ಲಿ ಚಿಗುರು ಕಿತ್ತವರು ಆ ಮನೆಯ ಹಿರಿಯಾಕೆ. ಹಾಲಿಲ್ಲದ ಚಹ ಮಾಡಿಕೊಟ್ಟು, ಜೊತೆಗೆ ಅಂಗೈಗೆ ಒಂದು ಚೂರು ಬೆಲ್ಲವಿಟ್ಟರು. ಬೆಲ್ಲ ಕಚ್ಚಿಕೊಂಡು ಚಹ ಹೀರಬೇಕು, ಅದು ಅಲ್ಲಿಯ ರೂಢಿ. ನಾನು ಕೊಂಡೊಯ್ದಿದ್ದ ಬೆಲೆಯುಳ್ಳ ಪೊಟ್ಟಣವನ್ನು ಬಿಚ್ಚಿ ಆಕೆಯ ಕೈಗಿತ್ತೆ. ಒಂದು ಚಿಟಿಕೆಯನ್ನು ಅಂಗೈಯಲ್ಲಿ ಉಜ್ಜಿ, ಬಾಯಿಯ ಬಿಸಿಯುಸಿರು ಕೊಟ್ಟು, ಮೂಸಿ ನೋಡಿದರು. ಮಳೆಗಾಲದ ಸೊಪ್ಪು, ಬಲಿತದ್ದೂ ಸೇರಿದೆ ಎಂದು ತಮಿಳು ಬೆರೆತ ಕನ್ನಡದಲ್ಲಿ ಹೇಳಿದರು. ಒಳ್ಳೆಯ ಚಿಗುರಿನ ರುಚಿ ಹೇಗಿತ್ತೆಂದು ಕೇಳಿದೆ. ವಾಸನೆ ಗೊತ್ತು, ರುಚಿ ತಿಳಿಯದು ಎಂದರು. ಒಳ್ಳೆಯದೆಲ್ಲ ಹಡಗು ಹತ್ತುತ್ತಿತ್ತು. ಅವರ ಪಾಲಿಗೆ ಬರುತ್ತಿದ್ದುದು ಹುಡಿ.

ಅಂದಿನಿಂದ ನನಗೆ ಲಿಪ್ಟನ್ನನ ಚರಿತ್ರೆ ಪೂರ್ಣವಾಯಿತು ಎನ್ನಬೇಕು. ಆತ ಕೆಟ್ಟವನಲ್ಲ, ಬಡತನವನ್ನು ಉಂಡು ಬೆಳೆದವನು, ಬಡವನ ಬಟ್ಟಲಿಗೆ ಒಳ್ಳೆಯ ಚಹವನ್ನು ಸುರಿದವನು. ಕುಡಿಯುವವರ ಊರೂರಿನ ನೀರನ್ನು ತರಿಸಿ ಪರೀಕ್ಷಿಸುವಷ್ಟು ಸೂಕ್ಷ್ಮ ಆತನದು. ಚಿಗುರು ಕೀಳುವವರ ಲಾಯದಂಥ ಮನೆಗಳ ಕೊಡದಲ್ಲಿ ಯಾವ ನೀರಿತ್ತು, ಅದರಲ್ಲಿ ಯಾವ ಚಹ ಕುದಿಯುತ್ತಿತ್ತು ಎಂಬ ಪ್ರಶ್ನೆ ಮಾತ್ರ ಆ ಸೂಕ್ಷ್ಮದ ಪರಿಧಿಯೊಳಗೆ ಬರಲಿಲ್ಲ.

ಮೇಜಿನ ಮೇಲಿನ ಬಟ್ಟಲುಗಳು ಆರಿವೆ. ಸುಳ್ಯದಿಂದ ಬರುವಾಗ ಆ ತಾಯಿ ಕಟ್ಟಿಕೊಟ್ಟ ಬೆಲ್ಲ ಬಹಳ ಹಿಂದೆಯೇ ಮುಗಿಯಿತು. ಆದರೂ ಹಾಲಿಲ್ಲದ ಚಹ ಕುಡಿಯುವಾಗಲೆಲ್ಲ ಒಂದು ಚೂರು ಬೆಲ್ಲವನ್ನು ಅಂಗೈಯಲ್ಲಿಟ್ಟುಕೊಳ್ಳುವ ರೂಢಿ ನನ್ನಲ್ಲಿ ಉಳಿದಿದೆ.