ಟಾಂಗಾದಿಂದ ಬಿದ್ದ ಬ್ಯಾರಿಸ್ಟರ್



ವಾಗದರಿಯಿಂದ ಅಕ್ಕಲಕೋಟ ದಾಟಿ ಸೊಲ್ಲಾಪುರಕ್ಕೆ ಹೋಗಿಬರುವ ನಮಗೆ ಅಲ್ಲಿನ ಸೆಟಲಮೆಂಟ್ ಗೊತ್ತು. ಆ ಹೆಸರು ಹೇಗೆ ಬಂತೆಂದು ಕೇಳಿದವರು ಕಡಿಮೆ. ಬ್ರಿಟಿಷರು 1871ರಲ್ಲಿ ತಂದ, ಮುಂದೆ ಮುಂಬಯಿ ಪ್ರಾಂತ್ಯಕ್ಕೂ ಬಂದ ಕಾಯ್ದೆಯೊಂದು ಕೆಲವು ಜಾತಿಗಳನ್ನೇ ಗುನ್ಹೇಗಾರರೆಂದು ಪಟ್ಟಿ ಮಾಡಿತು. ಕಳವು ಮಾಡಿರಲಿ ಬಿಡಲಿ, ಹುಟ್ಟಿದ ಮನೆಯೇ ಸಾಕ್ಷಿ. ಪಾರಧಿ, ಕೈಕಾಡಿ ಮುಂತಾದವರನ್ನು ತಂತಿಬೇಲಿಯೊಳಗಿಟ್ಟು ಹಾಜರಿ ಕೂಗುತ್ತಿದ್ದ ಜಾಗವದು.

ಹುಟ್ಟು ನೋಡಿ ತೀರ್ಪು ಕೊಡುವ ಈ ಪದ್ಧತಿಯನ್ನು ಓದಿಯೂ ಉಂಡೂ ಅರಿತವರು ಡಾ. ಬಾಬಾಸಾಹೇಬ ಅಂಬೇಡ್ಕರ್. 1891ರಲ್ಲಿ ಮಹೂದಲ್ಲಿ ಹುಟ್ಟಿ, ಸಾತಾರೆಯ ಶಾಲೆಯಲ್ಲಿ ಮನೆಯಿಂದ ಒಯ್ದ ಗೋಣಿತಟ್ಟಿನ ಮೇಲೆ ಬೇರೆ ಕೂತು ಕಲಿತವರು. ಅಮೆರಿಕದ ಕೊಲಂಬಿಯಾದಲ್ಲಿ ಅರ್ಥಶಾಸ್ತ್ರದ ಜೊತೆ ಸಮಾಜಶಾಸ್ತ್ರ ಓದಿ, 1916ರಲ್ಲಿ ಜಾತಿಯ ಕುರಿತು ಪ್ರಬಂಧ ಮಂಡಿಸಿದರು. ತಮ್ಮೊಳಗೇ ಮದುವೆಯಾಗುವ ಕಟ್ಟುಪಾಡು ಜಾತಿಯ ಬೇರು ಎಂಬುದು ಅವರ ವಾದ. ಲಂಡನ್ನಿನಲ್ಲಿ ಬ್ಯಾರಿಸ್ಟರ್ ಆಗಿ ಬಂದು ಮುಂಬಯಿ ಹೈಕೋರ್ಟಿನಲ್ಲಿ ವಕೀಲಿ ಹಿಡಿದರು.

1928ರಲ್ಲಿ ಸರ್ಕಾರ ದಲಿತರ, ಆದಿವಾಸಿಗಳ ಸ್ಥಿತಿ ತಿಳಿಯಲು ಸಮಿತಿ ನೇಮಿಸಿತು. ಅಧ್ಯಕ್ಷ ಸ್ಟಾರ್ಟ್ ಸಾಹೇಬರು ಇಂಥ ಸೆಟಲಮೆಂಟುಗಳನ್ನೇ ನೋಡಿಕೊಂಡಿದ್ದ ಅಧಿಕಾರಿ. ಅಂಬೇಡ್ಕರ್ ಒಬ್ಬ ಸದಸ್ಯರು. ಮರುವರ್ಷ ಇದೇ ಕೆಲಸಕ್ಕೆ ಖಾನದೇಶಕ್ಕೆ ಹೋಗಿ ಚಾಳೀಸಗಾಂವದಲ್ಲಿ ಇಳಿದರು. ಮಹಾರರನ್ನು ಕೂರಿಸಿಕೊಂಡು ಹೋಗುವುದು ತಮ್ಮ ಮಾನಕ್ಕೆ ಕಡಿಮೆಯೆಂದು ಟಾಂಗಾದವರು ಒಪ್ಪಲಿಲ್ಲ. ಗಾಡಿ ಬಾಡಿಗೆಗೆ ಸಿಕ್ಕಿತು, ಹೊಡೆಯುವವನು ಸಿಗಲಿಲ್ಲ. ಕೊನೆಗೆ ರೂಢಿಯಿಲ್ಲದ ಕೇರಿಯವನೊಬ್ಬ ಹೊಡೆದ. ಹೊಳೆಯ ಮೋರಿಯ ಮೇಲೆ ಚಕ್ರ ಕಲ್ಲಿಗೆ ಸಿಕ್ಕಿ ಕುದುರೆ, ಗಾಡಿ ಕೆಳಗೆ ಬಿದ್ದವು. ಬ್ಯಾರಿಸ್ಟರ್ ಸಾಹೇಬರು ಕಲ್ಲಿನ ಮೇಲೆ ಬಿದ್ದು ಕಾಲು ಮುರಿದುಕೊಂಡರು. ಟಾಂಗಾದವನ ಮೇಲೆ ಹಾಕಲು ಆಗ ಯಾವ ಕಲಮೂ ಇರಲಿಲ್ಲ.

ಆ ಕಲಮು ಬಂದದ್ದು 1950ರಲ್ಲಿ, ಅವರ ಅಧ್ಯಕ್ಷತೆಯಲ್ಲೇ ಕರಡಾದ ಸಂವಿಧಾನದ 17ನೇ ವಿಧಿಯಾಗಿ. ಗುನ್ಹೇಗಾರ ಜಾತಿಗಳ ಕಾಯ್ದೆ ರದ್ದಾದದ್ದು 1952ರ ಆಗಸ್ಟ್ 31ಕ್ಕೆ. ಅಷ್ಟರಲ್ಲಿ ಅವರು ಕಾನೂನು ಮಂತ್ರಿ ಪದವಿ ಬಿಟ್ಟಾಗಿತ್ತು.

ನಮಗೆ ಸಂಬಂಧಪಟ್ಟದ್ದೊಂದನ್ನು ಬಿಡುವಂತಿಲ್ಲ. 1938ರ ಆರಂಭದಲ್ಲಿ ಬಾಬಾಸಾಹೇಬರು ಸೊಲ್ಲಾಪುರದಲ್ಲಿ ಕ್ರೈಸ್ತರ ಸಭೆಯೊಂದರಲ್ಲಿ ಮಾತಾಡಿದರು. ಬುದ್ಧ, ಕ್ರಿಸ್ತ ಇಬ್ಬರೇ ತಮ್ಮ ಮನ ಸೆಳೆದವರು ಎಂದರು. ಆದರೆ ದಕ್ಷಿಣದ ದೇವಾಲಯಗಳಲ್ಲಿ ಜಾತಿ ಉಳಿದಿರುವುದನ್ನೂ, ಕ್ರೈಸ್ತ ಸಮುದಾಯ ಸಾಮಾಜಿಕ ಅನ್ಯಾಯದ ವಿರುದ್ಧ ಹೋರಾಡದಿರುವುದನ್ನೂ ಮುಖಕ್ಕೇ ಹೇಳಿದರು. ಕೂತು ಕೇಳಿದವರು ನಮ್ಮ ಕಡೆಯವರೇ.

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅವರು ಬುದ್ಧನನ್ನು ಆರಿಸಿಕೊಂಡರು. ಡಿಸೆಂಬರ್ 6ರಂದು ತೀರಿಕೊಂಡರು.